ಇಡೀ ಕಚೇರಿಗೆ ಒಂದೇ ಎಐ ಸಹಾಯಕ: ಪರವಾನಗಿ ಯಾರಿಗೆ ಬೇಕು?

ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದ ಅಧಿಕಾರಿ ರಜೆ ನಿಯಮಗಳ ಕುರಿತ ಪ್ರಶ್ನೆಗಳಿಗೆ ಉತ್ತರಿಸುವ ಎಐ ಸಹಾಯಕವನ್ನು ಸಿದ್ಧಪಡಿಸಿ, 200 ಸಹೋದ್ಯೋಗಿಗಳ ಬಳಕೆಗೆ ಬಿಟ್ಟರೆಂದು ಭಾವಿಸೋಣ. ಪರವಾನಗಿ ಬೇಕಿರುವುದು ಸಿದ್ಧಪಡಿಸಿದವರೊಬ್ಬರಿಗೋ, ಬಳಸುವ ಎಲ್ಲರಿಗೋ? ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದ ಸಂಸ್ಥೆಗಳಿಗೆ ಅನಿರೀಕ್ಷಿತ ವೆಚ್ಚ ಎದುರಾಗಬಹುದು.

ವ್ಯಕ್ತಿಗೊಂದು ಪರವಾನಗಿ
ಮೈಕ್ರೋಸಾಫ್ಟ್ 365 ಕೋಪೈಲಟ್ ದೊಡ್ಡ ಸಂಸ್ಥೆಗಳಿಗೆ ಲಭ್ಯವಾದದ್ದು 2023ರ ನವೆಂಬರ್ 1ರಂದು. ಆಗ ಪ್ರಕಟಿಸಿದ ದರ ಪ್ರತಿ ವ್ಯಕ್ತಿಗೆ ತಿಂಗಳಿಗೆ 30 ಡಾಲರ್. ಕನಿಷ್ಠ 300 ಪರವಾನಗಿ ಖರೀದಿಸಬೇಕೆಂಬ ಆರಂಭಿಕ ಷರತ್ತನ್ನು 2024ರ ಜನವರಿಯಲ್ಲಿ ಕೈಬಿಡಲಾಯಿತು. ಈ ಪರವಾನಗಿ ವ್ಯಕ್ತಿಗೆ ಸಂಬಂಧಿಸಿದ್ದು. ಒಬ್ಬರ ಖಾತೆಯನ್ನು ಹಲವರು ಬಳಸಲು ಅವಕಾಶವಿಲ್ಲ.

ಮೀಟರ್ ಪದ್ಧತಿ
2025ರ ಜನವರಿಯಲ್ಲಿ ಕೋಪೈಲಟ್ ಚಾಟ್ ಸೇವೆಯೊಂದಿಗೆ ಎರಡನೆಯ ಮಾರ್ಗ ತೆರೆಯಿತು. ಕೇವಲ ಸೂಚನೆಗಳು ಹಾಗೂ ಸಾರ್ವಜನಿಕ ಜಾಲತಾಣಗಳ ಆಧಾರದಲ್ಲಿ ಉತ್ತರಿಸುವ ಸಹಾಯಕವನ್ನು ಬಳಸಲು ಸಿಬ್ಬಂದಿಗೆ ಪ್ರತ್ಯೇಕ ಪರವಾನಗಿ ಬೇಕಿಲ್ಲ. ಆದರೆ ಅದು ಶೇರ್‌ಪಾಯಿಂಟ್‌ನಲ್ಲಿರುವ ಕಚೇರಿಯ ಕಡತಗಳನ್ನು ಓದಿ ಉತ್ತರಿಸುವುದಾದರೆ, ಬಳಸುವವರಿಗೆ ಪರವಾನಗಿ ಇರಬೇಕು. ಇಲ್ಲವೇ ಸಂಸ್ಥೆಯು ಬಳಕೆಗೆ ತಕ್ಕಂತೆ ಹಣ ತೆರುವ ವ್ಯವಸ್ಥೆ ಮಾಡಿಕೊಳ್ಳಬೇಕು. ಬಳಕೆಯ ಅಳತೆಗೆ 2025ರ ಸೆಪ್ಟೆಂಬರ್‌ನಿಂದ ಕೋಪೈಲಟ್ ಕ್ರೆಡಿಟ್ ಎಂಬ ಹೆಸರಿದೆ. ಪ್ರಕಟಿತ ದರದಂತೆ ಒಂದು ಕ್ರೆಡಿಟ್‌ಗೆ ಒಂದು ಸೆಂಟ್. ಒಂದೇ ಉತ್ತರಕ್ಕೆ ಹಲವು ಕ್ರೆಡಿಟ್‌ಗಳು ವ್ಯಯವಾಗಬಹುದು.

ಒಂದು ಉತ್ತರಕ್ಕೆ 10 ಕ್ರೆಡಿಟ್ ಎಂದಿಟ್ಟುಕೊಂಡರೆ, 30 ಡಾಲರ್‌ಗೆ 300 ಉತ್ತರಗಳು ದೊರೆಯುತ್ತವೆ. ತಿಂಗಳಿಗೆ ಎರಡು ಬಾರಿ ರಜೆ ನಿಯಮ ಕೇಳುವ 200 ಮಂದಿಗೆ ಮೀಟರ್ ವೆಚ್ಚ 40 ಡಾಲರ್. ಎಲ್ಲರಿಗೂ ಪರವಾನಗಿ ಕೊಂಡರೆ 6,000 ಡಾಲರ್. ವರ್ಡ್, ಔಟ್‌ಲುಕ್‌ಗಳಲ್ಲಿಯೂ ದಿನವಿಡೀ ಎಐ ನೆರವು ಪಡೆಯುವವರಿಗೆ ಮಾತ್ರ ಪರವಾನಗಿಯೇ ಸೂಕ್ತ. ಮೀಟರ್ ಆರಿಸಿಕೊಂಡವರು ವೆಚ್ಚದ ಮಿತಿಯನ್ನು ಮೊದಲೇ ನಿಗದಿಪಡಿಸುವುದು ಒಳಿತು.

ಇತರ ಕಂಪನಿಗಳಲ್ಲಿ
ಓಪನ್‌ಎಐ 2024ರ ಜನವರಿಯಲ್ಲಿ ಆರಂಭಿಸಿದ ಚಾಟ್‌ಜಿಪಿಟಿ ಟೀಮ್ ಯೋಜನೆಗೆ 2025ರಲ್ಲಿ ಚಾಟ್‌ಜಿಪಿಟಿ ಬಿಸಿನೆಸ್ ಎಂದು ಮರುನಾಮಕರಣವಾಯಿತು. ಇಲ್ಲಿಯೂ ಸದಸ್ಯರ ಸಂಖ್ಯೆಗೆ ತಕ್ಕಂತೆ ಶುಲ್ಕವಿದ್ದು, ಸಂಸ್ಥೆಯೊಳಗೆ ಮಾತ್ರ ಹಂಚಿದ ಸಹಾಯಕವನ್ನು ಬಳಸಲು ಸದಸ್ಯತ್ವ ಬೇಕು. ಗೂಗಲ್ 2025ರ ಜನವರಿಯಲ್ಲಿ ಜೆಮಿನಿಯನ್ನು ವರ್ಕ್‌ಸ್ಪೇಸ್‌ನ ಬಿಸಿನೆಸ್ ಹಾಗೂ ಎಂಟರ್‌ಪ್ರೈಸ್ ಯೋಜನೆಗಳಲ್ಲಿಯೇ ಸೇರಿಸಿ, ಆ ಯೋಜನೆಗಳ ದರವನ್ನು ಹೆಚ್ಚಿಸಿತು.

ಪರವಾನಗಿ ಬೇರೆ, ಅನುಮತಿ ಬೇರೆ
ಸಹಾಯಕವನ್ನು ಹಂಚಿದ ಮಾತ್ರಕ್ಕೆ ಶೇರ್‌ಪಾಯಿಂಟ್ ಕಡತಗಳನ್ನು ಹಂಚಿದಂತಾಗುವುದಿಲ್ಲ. ಪ್ರಶ್ನೆ ಕೇಳಿದವರಿಗೆ ಯಾವ ಕಡತ ನೋಡುವ ಅನುಮತಿ ಇದೆಯೋ ಅದರಿಂದ ಮಾತ್ರ ಉತ್ತರ ದೊರೆಯುತ್ತದೆ. ಆದರೆ ವೇತನಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಎಂದೋ ಇಟ್ಟು ಮರೆತಿದ್ದರೆ, ಹುಡುಕುವ ಶ್ರಮವಿಲ್ಲದೆ ಅದು ಯಾರ ಮುಂದಾದರೂ ಬರಬಹುದು. ಆದ್ದರಿಂದ ಪರವಾನಗಿಗಳ ಸಂಖ್ಯೆಯನ್ನು ನಿರ್ಧರಿಸುವ ಮುನ್ನ ಕಡತಗಳ ಅನುಮತಿಯನ್ನು ಪರಿಶೀಲಿಸುವುದು ಅಗತ್ಯ. ದರಗಳೂ ಷರತ್ತುಗಳೂ ಆಗಾಗ ಬದಲಾಗುವುದರಿಂದ, ಖರೀದಿಯ ದಿನದ ಒಪ್ಪಂದವನ್ನೇ ಆಧಾರವಾಗಿ ಪರಿಗಣಿಸಬೇಕು.