ದಂಡಿನ ಸದ್ದು, ಪರದೆಯ ಸದ್ದು

1987ರಲ್ಲಿ ತೆರೆಕಂಡ ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ದಲ್ಲಿ ಮಾತೇ ಇಲ್ಲ. ಥಿಯೇಟರಿನ ಪಕ್ಕದ ಕೋಣೆಯಲ್ಲಿ, ಹೊಡೆದಾಟದ ಸದ್ದಿನ ನಡುವೆ ಮಲಗಿ ರೂಢಿಯಾದ ನಾಯಕನಿಗೆ ವಿಂಡ್ಸರ್ ಮ್ಯಾನರ್ ಹೋಟೆಲಿನ ಮೆತ್ತನೆ ಹಾಸಿಗೆಯಲ್ಲಿ ನಿದ್ದೆ ಹತ್ತುವುದಿಲ್ಲ. ಕೊನೆಗೆ ಹಳೇ ಜಾಗಕ್ಕೆ ಹೋಗಿ, ಅಲ್ಲಿನ ಗದ್ದಲವನ್ನು ಟೇಪ್‌ರೆಕಾರ್ಡರಿನಲ್ಲಿ ಹಿಡಿದು ತಂದು, ಹಾಕಿಕೊಂಡು ನಿದ್ದೆ ಹೋಗುತ್ತಾನೆ. ಸೌಂಡ್ ಡಿಸೈನರ್ ಮಾಡುವುದಾದರೂ ಏನು ಎಂದು ಕೇಳಿದವರಿಗೆ ನಾನು ಹೇಳುವುದು ಈ ದೃಶ್ಯವನ್ನೇ. ಆ ಕಾಲಕ್ಕೆ ನಮ್ಮ ಟೈಟಲ್ ಕಾರ್ಡುಗಳಲ್ಲಿ ಅಂಥ ಹುದ್ದೆ ಇರಲಿಲ್ಲ. ‘ಧ್ವನಿಗ್ರಹಣ’ ಎಂದೊಂದು ಸಾಲು ಬಂದು ಹೋಗುತ್ತಿತ್ತು, ಅಷ್ಟೆ.

ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ (1934) ತಯಾರಾದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಆಗ ಆಡಿದ್ದು, ಹಾಡಿದ್ದು ಎಲ್ಲವೂ ಸ್ಥಳದಲ್ಲೇ ದಾಖಲಾಗಬೇಕು. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಅವರದು ಕಂಪನಿ ನಾಟಕದಲ್ಲಿ ಪಳಗಿದ ಗಂಟಲು. ಮೈಕಿಗೇ ಅವರ ಭಯ ಇದ್ದಿರಬೇಕು! ನಲವತ್ತರ ದಶಕದಲ್ಲಿ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್ ಸಿನಿಮಾ ಕಲಿಸತೊಡಗಿತು. ಅಲ್ಲಿ ಕ್ಯಾಮೆರಾ ಕಲಿತ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ದೇಶಕ್ಕೇ ಗೊತ್ತು. ಅದೇ ಅಂಗಳದಲ್ಲಿ ಧ್ವನಿಮುದ್ರಣ ಕಲಿತವರ ಒಂದು ಹೆಸರು ಹೇಳಿ ಎಂದರೆ ಸಿನಿಮಾ ಹುಚ್ಚರೂ ತಡವರಿಸುತ್ತಾರೆ.

ಚಿತ್ರೀಕರಣ ಸ್ಟುಡಿಯೊ ಬಿಟ್ಟು ಬಯಲಿಗೆ ಬಂದಾಗ ಸದ್ದಿನ ಕೆಲಸ ಕೋಣೆ ಸೇರಿತು. ಹೊರಗೆ ಒಯ್ಯಲು ಹಗುರವಾಗಿದ್ದ ಆ್ಯರಿಫ್ಲೆಕ್ಸ್ ಕ್ಯಾಮೆರಾ ಹೊಲಿಗೆ ಯಂತ್ರದ ಹಾಗೆ ಕಟಕಟ ಅನ್ನುತ್ತಿತ್ತು. ಹಾಗಾಗಿ ಸ್ಥಳದಲ್ಲಿ ಹಿಡಿದ ಮಾತು ಬರೀ ಗುರುತಿಗೆ. ಅಸಲು ಮಾತು ಡಬ್ಬಿಂಗಿನಲ್ಲಿ. ಫಿಲ್ಮಿನ ತುಂಡನ್ನು ಬಳೆಯಂತೆ ಅಂಟಿಸಿ ಮತ್ತೆ ಮತ್ತೆ ಓಡಿಸುವುದು, ತುಟಿ ಕೂಡುವವರೆಗೂ ನಟ ಅದೇ ಸಾಲನ್ನು ಹೇಳುವುದು. ತುಟಿ ಕೂಡಿತು, ಊರು ತಪ್ಪಿತು. ಎಷ್ಟೋ ಚಿತ್ರಗಳಲ್ಲಿ ಮಲೆನಾಡಿನ ಮಳೆಗೂ ಮದರಾಸಿನ ಮಳೆಗೂ ಒಂದೇ ಎಫೆಕ್ಟ್ಸ್ ಟೇಪು.

‘ಸೌಂಡ್ ಡಿಸೈನ್’ ಎಂಬ ಮಾತಿಗೆ ಬೆಲೆ ತಂದವರು ‘ಅಪೋಕ್ಯಾಲಿಪ್ಸ್ ನೌ’ (1979) ಚಿತ್ರದ ವಾಲ್ಟರ್ ಮರ್ಚ್. ನಮ್ಮಲ್ಲಿ ಅದು ಬೇರೂರಿದ್ದು ಸದ್ದು ಮಾಡದ ಡಿಜಿಟಲ್ ಕ್ಯಾಮೆರಾ ಬಂದ ಮೇಲೆ. ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ನಟಿಸಿದವರು ಮಂಡ್ಯ ಸೀಮೆಯ ಹಳ್ಳಿಗರು. ಅವರನ್ನು ಡಬ್ಬಿಂಗ್ ಕೋಣೆಯಲ್ಲಿ ಕೂರಿಸಿದ್ದರೆ ಆ ಮಾತಿನ ಗತ್ತೇ ಸತ್ತುಹೋಗುತ್ತಿತ್ತು. ಅದರ ಸೌಂಡ್ ಡಿಸೈನರ್ ನಿತಿನ್ ಲೂಕೋಸ್, ಹೆಸರು ನೆನಪಿರಲಿ.

ಹೀಗೆ ಸ್ಥಳದಲ್ಲೇ ಮಾತು ಹಿಡಿಯುವ ಸಿಂಕ್ ಸೌಂಡ್ ಹಳ್ಳಿಯಲ್ಲಾದರೆ ಸರಿ, ಬೆಂಗಳೂರಿನ ಪೂರ್ವಕ್ಕೆ, ದಂಡಿನ ಕಡೆಗೆ ಬಂದು ನೋಡಿ. 2008ರವರೆಗೆ ಊರಿನ ಪ್ರಯಾಣಿಕ ವಿಮಾನಗಳೆಲ್ಲ ಇಳಿಯುತ್ತಿದ್ದದ್ದು ಎಚ್‌ಎಎಲ್‌ನಲ್ಲಿ. ಈಗಲೂ ಇಂದಿರಾನಗರದಲ್ಲಿ ಒಳ್ಳೆಯ ಟೇಕ್ ಕೂಡಿಬರುವ ಹೊತ್ತಿಗೆ ತಲೆಯ ಮೇಲೆ ಹೆಲಿಕಾಪ್ಟರ್ ಹಾಜರು. 2011ರ ಅಕ್ಟೋಬರಿನಿಂದ ಸಿ.ಎಂ.ಎಚ್. ರಸ್ತೆಯ ನೆತ್ತಿಯಲ್ಲಿ ಮೆಟ್ರೊ. ಶಿವಾಜಿನಗರದಲ್ಲಿ ಬೆಸಿಲಿಕಾದ ಗಂಟೆ, ಆಜಾನ್, ರಸೆಲ್ ಮಾರ್ಕೆಟ್ಟಿನ ಕೂಗು, ಬಸ್ಸಿನ ಹಾರ್ನ್ ಒಂದರ ಮೇಲೊಂದು. ಹಲಸೂರಿನ ಮನೆಯೊಳಗೆ ಶೂಟಿಂಗ್ ಇದ್ದರೆ ರೆಕಾರ್ಡಿಸ್ಟ್ ಮೊದಲು ಫ್ಯಾನ್ ನಿಲ್ಲಿಸುತ್ತಾನೆ, ಆಮೇಲೆ ಫ್ರಿಜ್ ಆರಿಸಿ ತನ್ನ ಗಾಡಿಯ ಕೀಲಿಯನ್ನು ಅದರೊಳಗೇ ಇಡುತ್ತಾನೆ. ಫ್ರಿಜ್ ಮತ್ತೆ ಹಾಕುವುದು ಮರೆತರೂ ಕೀಲಿಗೆ ಬಂದೇ ಬರಬೇಕಲ್ಲ! ಕೊನೆಗೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ ಒಂದು ನಿಮಿಷ ಬರೀ ಕೋಣೆಯ ಮೌನವನ್ನು ಹಿಡಿಯುತ್ತಾನೆ. ಅದಕ್ಕೆ ರೂಮ್ ಟೋನ್ ಎಂದು ಹೆಸರು. ಎಡಿಟಿಂಗಿನಲ್ಲಿ ಮಾತು ಮಾತಿನ ನಡುವಿನ ಬಿರುಕನ್ನು ತುಂಬುವುದು ಆ ಮೌನವೇ.

ರಾಷ್ಟ್ರಪ್ರಶಸ್ತಿಯವರು 2009ರ ಚಿತ್ರಗಳಿಂದ ಈ ಕೆಲಸಕ್ಕೆ ಮೂರು ಬಹುಮಾನ ಹಂಚತೊಡಗಿದರು: ಸ್ಥಳದ ಧ್ವನಿ, ವಿನ್ಯಾಸ, ಮಿಕ್ಸಿಂಗ್. 2022ರ ಜುಲೈನಲ್ಲಿ ಸ್ಥಳದ ಧ್ವನಿಯ ಬಹುಮಾನ ಕನ್ನಡದ ‘ಡೊಳ್ಳು’ ಚಿತ್ರಕ್ಕೆ ಬಂತು. ಇದು ಸಿಂಕ್ ಸೌಂಡ್ ಅಲ್ಲ, ಡಬ್ ಮಾಡಿದ ಚಿತ್ರ ಎಂದು ಬಹಿರಂಗವಾಗಿ ಹೇಳಿದವರು ಅದರ ಸೌಂಡ್ ಡಿಸೈನರ್, ಅದೇ ನಿತಿನ್ ಲೂಕೋಸ್. ಇನ್ನೊಬ್ಬ ಸೌಂಡ್ ಡಿಸೈನರ್ ರಸೂಲ್ ಪೂಕುಟ್ಟಿಯೂ ದನಿಗೂಡಿಸಿದರು. ತೀರ್ಪುಗಾರರ ಕಿವಿಯನ್ನು ಆಡಿಕೊಂಡವರೇ ಹೆಚ್ಚು. ಕೋಣೆಯಲ್ಲಿ ಕಟ್ಟಿದ ಸದ್ದು ಬಯಲಿನದೇ ಎಂದು ಅವರಿಗೆ ಕೇಳಿಸಿತಲ್ಲ, ಆ ಕಸುಬುಗಾರಿಕೆಯ ಮಾತನ್ನು ಯಾರೂ ಎತ್ತಲಿಲ್ಲ. 2022ರ ಚಿತ್ರಗಳಿಗೆ ಪ್ರಶಸ್ತಿ ಘೋಷಿಸುವಾಗ ಮೂರೂ ಸೇರಿ ‘ಧ್ವನಿ ವಿನ್ಯಾಸ’ ಎಂಬ ಒಂದೇ ಬಹುಮಾನವಾಗಿತ್ತು. ಬೂಮ್ ಮೈಕ್ ಎತ್ತಿ ಹಿಡಿದು ಹೆಲಿಕಾಪ್ಟರ್ ದಾಟಲೆಂದು ಬಿಸಿಲಲ್ಲಿ ಕಾದವನಿಗೆ ಅದರಲ್ಲಿ ಪ್ರತ್ಯೇಕ ಸಾಲಿಲ್ಲ.