ಶರಾವತಿ ಹಿನ್ನೀರಿನ ನಡುಗಡ್ಡೆಗಳು: ಒಂದು ವಿಶ್ರಾಂತಿತಾಣದ ಪೂರ್ವಚರಿತ್ರೆ

ಸಾಗರ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಹರಡಿರುವ ಲಿಂಗನಮಕ್ಕಿ ಜಲಾಶಯದ ಹಿನ್ನೀರಿನಲ್ಲಿ, ಎಂದರೆ ಅಣೆಕಟ್ಟೆಯ ಹಿಂದೆ ನಿಂತು ಕಣಿವೆಯ ಸಂದುಗೊಂದುಗಳನ್ನೆಲ್ಲ ತುಂಬಿಕೊಂಡ ನೀರಿನಲ್ಲಿ, ಅಲ್ಲಲ್ಲಿ ತಲೆಯೆತ್ತಿರುವ ಹಸಿರು ನಡುಗಡ್ಡೆಗಳು ಇಂದು ನಗರದ ಗದ್ದಲದಿಂದ ದಣಿದವರು ಎರಡು ದಿನ ಹಾಯಾಗಿರಲು ಹುಡುಕಿಕೊಂಡು ಬರುವ ತಾಣಗಳಾಗಿವೆ. 1964ಕ್ಕೆ ಮೊದಲು ಇವು ಗದ್ದೆ, ಅಡಿಕೆ ತೋಟ, ದೇವಸ್ಥಾನಗಳಿದ್ದ ಜನವಸತಿಯ ಕಣಿವೆಯ ನೆತ್ತಿಯ ಗುಡ್ಡಗಳಾಗಿದ್ದವು. ಇಲ್ಲಿನ ನೀರವತೆಗೆ ಒಂದು ಚರಿತ್ರೆಯಿದ್ದು, ಕಣಿವೆ ಹೇಗೆ ಬರಿದಾಯಿತು ಮತ್ತು ಬಿಟ್ಟುಹೋಗದೆ ಉಳಿದವರು ಹೇಗೆ ಬಾಳಿದರು ಎಂಬುದನ್ನು ತಿಳಿಯದೆ ಅದು ಅರ್ಥವಾಗುವುದಿಲ್ಲ.

ದುಡಿಮೆಗೆ ಬಿಡುವು ಕೊಟ್ಟು ನೀರಿನ ಬಳಿಗೆ ಹೋಗುವ ರೂಢಿ ಈ ಸೀಮೆಗೆ ಹೊಸದಲ್ಲ. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಯಂದು ತುಂಗಾನದಿಯಲ್ಲಿ ತೀರ್ಥಸ್ನಾನ ಮಾಡಿ ರಾಮೇಶ್ವರ ದೇವರ ಜಾತ್ರೆಯಲ್ಲಿ ಸೇರುವ ಸಂಪ್ರದಾಯವು ಭಕ್ತಿ, ನೆಂಟರ ಭೇಟಿ ಮತ್ತು ವಿಶ್ರಾಂತಿ ಮೂರನ್ನೂ ಒಂದೇ ಸಂದರ್ಭದಲ್ಲಿ ಒದಗಿಸುತ್ತ ಬಂದಿದೆ. ಇದೇ ತಾಲ್ಲೂಕಿನ ಮಂಡಗದ್ದೆಯಲ್ಲಿ ತುಂಗೆಯ ನಡುವೆ ಸಹಜವಾಗಿಯೇ ಉಂಟಾದ ಪುಟ್ಟ ನಡುಗಡ್ಡೆಯೊಂದಿದ್ದು, ಅದರ ಮರಗಳಿಗೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಮೊದಲಾದ ಹಕ್ಕಿಗಳು ಗೂಡುಕಟ್ಟಲು ಬರುವುದನ್ನು ದಡದಿಂದಲೇ ನೋಡಬಹುದು. ಕೇವಲ ನೋಟಕ್ಕಾಗಿ ದೂರದಿಂದ ಬಂದು ತಂಗುವ ಪ್ರವಾಸ ಮಾತ್ರ ಇಲ್ಲಿ ಜೋಗದಿಂದ ಬೆಳೆಯಿತು. ಜಲಪಾತದ ಒಂದು ಮಗ್ಗುಲು ಮೈಸೂರು ಸಂಸ್ಥಾನಕ್ಕೂ ಇನ್ನೊಂದು ಮಗ್ಗುಲು ಮುಂಬಯಿ ಪ್ರಾಂತಕ್ಕೂ ಸೇರಿದ್ದ ಕಾಲದ ನೆನಪಾಗಿ ಮೈಸೂರು ಬಂಗಲೆ, ಬಾಂಬೆ ಬಂಗಲೆ ಎಂಬ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಮತ್ತು ಸಾಗರ ತಾಲ್ಲೂಕುಗಳನ್ನು ಹಾದು ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕುವ ಶರಾವತಿಯಲ್ಲಿ ವಿದ್ಯುತ್ತಿನ ಸಾಧ್ಯತೆಯನ್ನು ಮೈಸೂರು ಸಂಸ್ಥಾನದ ಎಂಜಿನಿಯರುಗಳು ಬಹಳ ಮೊದಲೇ ಕಂಡಿದ್ದರು. 1940ರ ದಶಕದ ಕೊನೆಗೆ ಜೋಗದ ಬುಡದಲ್ಲಿ 120 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವು ರೂಪುಗೊಂಡು, ಮುಂದೆ ಮಹಾತ್ಮ ಗಾಂಧಿಯವರ ಹೆಸರನ್ನು ಪಡೆಯಿತು. ಅದಕ್ಕೆ ನೀರು ಒದಗಿಸಲೆಂದು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆಯನ್ನು ಕಟ್ಟಲಾಯಿತು. ರಾಜ್ಯದ ಬೇಡಿಕೆ ಬೆಳೆದಂತೆ ಅಷ್ಟು ನೀರು ಸಾಲದಾಗಿ, ಅದರ ಕೆಳಗಡೆ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡ ಅಣೆಕಟ್ಟೆ 1964ರಲ್ಲಿ ಎದ್ದು ನಿಂತಿತು. ಸಮುದ್ರಮಟ್ಟದಿಂದ 1,819 ಅಡಿ ಎತ್ತರದವರೆಗೆ ನೀರು ನಿಲ್ಲಿಸಬಲ್ಲ ಈ ಜಲಾಶಯವು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಆವರಿಸಿಕೊಂಡಿತು. ಇಲ್ಲಿಂದ ತಳಕಳಲೆಯ ಸಮತೋಲನ ಜಲಾಶಯಕ್ಕೆ, ಎಂದರೆ ಯಂತ್ರಗಳಿಗೆ ಹದವರಿತು ನೀರು ಬಿಡಲು ನಡುವೆ ಕಟ್ಟಿದ ಚಿಕ್ಕ ಜಲಾಶಯಕ್ಕೆ, ಹರಿಯುವ ನೀರು 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುತ್ತದೆ. ದಶಕಗಳ ಕಾಲ ಕರ್ನಾಟಕದ ಊರುಗಳಲ್ಲಿ ದೀಪ ಉರಿದದ್ದು, ಕಾರ್ಖಾನೆಗಳು ತಿರುಗಿದ್ದು ಬಹುಮಟ್ಟಿಗೆ ಇದರ ಬಲದಿಂದಲೇ. ಹೊಸ ನೀರಿನಲ್ಲಿ ಹಳೆಯ ಹಿರೇಭಾಸ್ಕರ ಅಣೆಕಟ್ಟೆಯೂ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳ ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಅದರ ಕಲ್ಲುಗೋಡೆ ಗಟ್ಟಿಮುಟ್ಟಾಗಿಯೇ ಮೇಲೆ ಕಾಣಿಸಿಕೊಳ್ಳುತ್ತದೆ. ಸುತ್ತಲೂ ಬಿರುಕುಬಿಟ್ಟ ಕೆಸರಿನ ನಡುವೆ ಎಂದೋ ಕಡಿದ ಮರಗಳ ಬೊಡ್ಡೆಗಳು ಕಪ್ಪಾಗಿ ನಿಂತಿರುತ್ತವೆ.

ಮುಳುಗಡೆ ಎಂದು ಈ ಭಾಗದ ಜನ ಕರೆಯುವ ಘಟನೆಯು ಸಾವಿರಾರು ಕುಟುಂಬಗಳನ್ನು ಮನೆಮಠ ಬಿಡಿಸಿ ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆಗೆ ಕಳುಹಿಸಿತು. ಅವರಲ್ಲಿ ಹಲವರಿಗೆ ಕೊಟ್ಟದ್ದು ಅರಣ್ಯಭೂಮಿಯಾಗಿದ್ದು, ಕಾಗದಪತ್ರದಲ್ಲಿ ಅದನ್ನು ಅರಣ್ಯದಿಂದ ಬಿಡಿಸುವ ಕೆಲಸ ಸರಿಯಾಗಿ ಮುಗಿಯದ ಕಾರಣ, ಮೊಮ್ಮಕ್ಕಳ ಕಾಲಕ್ಕೂ ಹಕ್ಕುಪತ್ರದ ಪ್ರಶ್ನೆ ಬಗೆಹರಿಯದೆ ಉಳಿದಿದೆ. ನಾಡಿಗೆ ಬೆಳಕು ಕೊಟ್ಟವರ ಈ ಸ್ಥಿತಿಯನ್ನು ಸಾಗರದ ಕಾದಂಬರಿಕಾರ ನಾ. ಡಿಸೋಜ ಹತ್ತಿರದಿಂದ ಬಲ್ಲವರಾಗಿದ್ದರು. ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದ ಅವರು ‘ಮುಳುಗಡೆ’ ಮತ್ತು ‘ದ್ವೀಪ’ ಕಾದಂಬರಿಗಳಲ್ಲಿ ಅದನ್ನು ದಾಖಲಿಸಿದರು. ಎರಡನೆಯದನ್ನು ಆಧರಿಸಿ ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ ಚಲನಚಿತ್ರವು ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲವನ್ನು ಪಡೆದು, ನೀರು ಏರುತ್ತಿದ್ದರೂ ಗುಡ್ಡ ಬಿಟ್ಟಿಳಿಯದ ಸಂಸಾರವೊಂದರ ಕಥೆಯನ್ನು ದೇಶದ ಮುಂದಿಟ್ಟಿತು.

ಹೋಗದೆ ಉಳಿದವರ ಚರಿತ್ರೆಯನ್ನು ಬರೆಯುವಾಗ ಲಾಂಚನ್ನು ಬಿಟ್ಟು ಮಾತನಾಡಲಾಗದು. ಸಾಗರ ತಾಲ್ಲೂಕಿನ ತುಮರಿ, ಸಿಗಂದೂರು ಮೊದಲಾದ ಊರುಗಳಿಗೆ ಒಂದು ಕಡೆ ಘಟ್ಟದ ಕಾಡು, ಉಳಿದ ಕಡೆ ನೀರು ಸುತ್ತುವರಿದು, ಕೂಗಳತೆಯಲ್ಲಿದ್ದ ನೆಂಟರ ಮನೆಯೂ ಆಚೆ ದಡದ್ದಾಯಿತು. ಅಂಬಾರಗೊಡ್ಲು ಮತ್ತು ಕಳಸವಳ್ಳಿಗಳ ನಡುವೆ ಓಡಾಡುತ್ತಿದ್ದ ಲಾಂಚು ಬಯಲು ಹಲಗೆಯಂಥ ಅಟ್ಟವುಳ್ಳ ದೊಡ್ಡ ಯಂತ್ರದೋಣಿ. ಅದರ ಮೇಲೆ ಬಸ್ಸು, ಜೀಪು, ಬೈಕು ಒತ್ತೊತ್ತಾಗಿ ನಿಂತರೆ, ಸಂದಿನಲ್ಲಿ ಶಾಲಾಮಕ್ಕಳು, ಸಾಗರದ ಆಸ್ಪತ್ರೆಗೆ ಹೊರಟವರು, ಸಿಗಂದೂರಿನ ದೇವಿಯ ಹರಕೆ ಹೊತ್ತವರು ನಿಂತು ಸಾಗುತ್ತಿದ್ದರು. ಹೊಸನಗರ ತಾಲ್ಲೂಕಿನ ಕಡೆಗೆ ಹಸಿರುಮಕ್ಕಿಯ ಲಾಂಚು ಇಂಥದೇ ಕೊಂಡಿಯಾಗಿತ್ತು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವೋ ಹಾವಿನ ಕಡಿತವೋ ಬಂದರೆ ಕಾಡಿನ ದಾರಿಯಲ್ಲಿ ಹತ್ತಾರು ಕಿಲೋಮೀಟರ್ ಸುತ್ತಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚು ದಡಕ್ಕೆ ಹತ್ತದೆ ವಾಹನಗಳನ್ನು ಹೇರುವುದೇ ನಿಲ್ಲುತ್ತಿತ್ತು.

ಬಿಡುವಿನ ಪ್ರವಾಸವು ಹಿನ್ನೀರಿಗೆ ಕಾಲಿಟ್ಟದ್ದು ಈ ಕಷ್ಟದ ದಾರಿಯಲ್ಲೇ. ಸಿಗಂದೂರು ಚೌಡೇಶ್ವರಿಯ ಕೀರ್ತಿ ಹಬ್ಬಿದಂತೆ ಬಂದ ಭಕ್ತರು ನೀರಿನ ಚೆಲುವನ್ನು ಊರಿಗೆ ಹೋಗಿ ಹೇಳಿದರು. ಹೊನ್ನೇಮರಡುವಿನಲ್ಲಿ ಹರಿಗೋಲು, ಕಯಾಕ್ ನಡೆಸಲು ಕಲಿಸಿ, ನಡುಗಡ್ಡೆಯಲ್ಲಿ ಡೇರೆ ಹಾಕಿ ರಾತ್ರಿ ಕಳೆಯುವ ಶಿಬಿರಗಳು ಯುವಜನರನ್ನು ಸೆಳೆದವು. ತೋಟದ ಮನೆಗಳು ಹೋಂಸ್ಟೇಗಳಾಗಿ, ಬಂದವರಿಗೆ ಕಡುಬು, ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ ಬಡಿಸತೊಡಗಿದವು. ಇಂಥ ಪ್ರವಾಸದ ಜಾಗತಿಕ ಮಾದರಿ ಎನಿಸಿದ ಗ್ರೀಸ್ ದೇಶದ ಏಜಿಯನ್ ಸಮುದ್ರದ ದ್ವೀಪಗಳಲ್ಲಿ ಹಲವು ಕೂಡ ಮುಳುಗಡೆಯ ನೆಲದ ನೆತ್ತಿಗಳೇ. ಹಿಮಯುಗ ಕೊನೆಗೊಂಡು ಸಮುದ್ರ ಏರಿದಾಗ ವಿಶಾಲ ಭೂಭಾಗವೊಂದು ನೀರಡಿಯಾಗಿ ಅದರ ಬೆಟ್ಟಗಳು ದ್ವೀಪಗಳಾದವು. ಅಲ್ಲಿ ಸಾವಿರಾರು ವರ್ಷಗಳಲ್ಲಿ ನಡೆದದ್ದು ಶರಾವತಿ ಕಣಿವೆಯಲ್ಲಿ ಕೆಲವೇ ಮಳೆಗಾಲಗಳಲ್ಲಿ, ಸರ್ಕಾರದ ಯೋಜನೆಯಂತೆ ನಡೆಯಿತು. ಆದ್ದರಿಂದಲೇ ಇಲ್ಲಿ ಹೊಣೆಗಾರಿಕೆಯ ಪ್ರಶ್ನೆಯೂ ಉಳಿಯುತ್ತದೆ.

2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ನಡುವಿನ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ ಸಂಚಾರಕ್ಕೆ ತೆರೆದುಕೊಂಡು, ಅರವತ್ತು ವರ್ಷಗಳ ಬೇಡಿಕೆ ಈಡೇರಿತು. ಲಾಂಚಿನ ಹೊತ್ತಿಗೆ ತಕ್ಕಂತೆ ಬದುಕನ್ನು ಹೊಂದಿಸಿಕೊಂಡಿದ್ದ ಜನರಿಗೆ ಇದು ದೊಡ್ಡ ಬಿಡುಗಡೆ. ಸದ್ದಿಲ್ಲದ ತಾಣವನ್ನು ಬಯಸುವ ಪ್ರವಾಸಿಗೆ ಒಂದಿಷ್ಟು ನಷ್ಟವೆನಿಸಿದರೂ, ಇನ್ನೊಬ್ಬರ ಅಸಹಾಯಕತೆಯನ್ನು ಅವಲಂಬಿಸಿದ ಏಕಾಂತವನ್ನು ಉಳಿಸಿಕೊಳ್ಳಬೇಕೆಂದು ಯಾರೂ ಕೇಳಲಾಗದು. ದಾರಿ ಸುಲಭವಾದ ಮೇಲೆ ಜನಸಂದಣಿ, ಕಸ, ಹೊರಗಿನ ಬಂಡವಾಳದ ಕಟ್ಟಡಗಳು ಬರುವ ಅಪಾಯವಿದ್ದು, ಹಿನ್ನೀರಿನ ಸುತ್ತಲಿನ ಕಾಡು ಸಿಂಗಳೀಕಗಳ ನೆಲೆಯೂ ಆಗಿರುವುದರಿಂದ ಎಚ್ಚರ ಇಮ್ಮಡಿಯಾಗಬೇಕಾಗಿದೆ. ಪ್ರವಾಸದ ಆದಾಯವು ಮೊದಲು ದಡದ ಹಳ್ಳಿಗಳ ಕೈಸೇರುವುದು, ಮುಳುಗಡೆಯಾದ ಊರುಗಳ ಹೆಸರು ಮತ್ತು ಚರಿತ್ರೆ ಬಂದವರಿಗೆ ಓದಲು ಸಿಗುವಂತೆ ದಡದಲ್ಲಿ ನಿಲ್ಲುವುದು, ಊರು ಬಿಟ್ಟುಕೊಟ್ಟವರ ಮಕ್ಕಳಿಗೆ ಭೂಮಿಯ ಹಕ್ಕು ದೊರೆಯುವುದು, ಇವು ಮೂರೂ ಈ ನೀರಿನ ಚೆಲುವನ್ನು ಅನುಭವಿಸುವ ನಾಡು ತೀರಿಸಬೇಕಾದ ಋಣಗಳು.