ಮುಚ್ಚಿದ ಗೋಡೆಗಳ ನಡುವಿನ ಉಸಿರು

ಅಮೀರ್ ಖುಸ್ರೋ (1253–1325) ತನ್ನ ಕಾವ್ಯವೊಂದರಲ್ಲಿ ಸಿಕಂದರನನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ ಸಮುದ್ರದಾಳಕ್ಕೆ ಇಳಿಸುತ್ತಾನೆ. ಅಕ್ಬರನ ಆಸ್ಥಾನದ ಕಲಾವಿದ ಮುಕುಂದನದೆನ್ನಲಾದ 1597-98ರ ಚಿತ್ರದಲ್ಲಿ ನಾವು ಆ ದೃಶ್ಯವನ್ನು ಇಂದಿಗೂ ನೋಡಬಹುದು. ಆದರೆ ಆ ಪೆಟ್ಟಿಗೆಯೊಳಗೆ ಸಿಕಂದರ ಉಸಿರಾಡಿದ್ದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ಶತಮಾನಗಳೇ ಬೇಕಾದವು. ಅನೇಕ ಜೀವಗಳೂ ಹೋದವು.

1776ರಲ್ಲಿ ಅಮೆರಿಕದ ಬುಶ್ನೆಲ್‌ನ 'ಟರ್ಟಲ್' ಎಂಬ ಒಬ್ಬನೇ ಕೂರುವ ಜಲಾಂತರ್ಗಾಮಿಯಲ್ಲಿ ಅರ್ಧ ಗಂಟೆಗೆ ಸಾಲುವಷ್ಟು ಗಾಳಿ ಮಾತ್ರ ಇತ್ತು. ಆಮ್ಲಜನಕ ಮುಗಿದರೆ ಸಾವು ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ನಿಜದಲ್ಲಿ ಅದಕ್ಕೂ ಮೊದಲೇ ಕೊಲ್ಲುವುದು ನಾವೇ ಹೊರಬಿಡುವ ಇಂಗಾಲದ ಡೈಆಕ್ಸೈಡ್. 1939ರ ಜೂನ್ 1ರಂದು ಲಿವರ್‌ಪೂಲ್ ಬಳಿ ಮುಳುಗಿದ 'ಥೀಟಿಸ್' ಜಲಾಂತರ್ಗಾಮಿಯಲ್ಲಿ 103 ಜನರಿದ್ದರು. ಅವರಲ್ಲಿ ಹಡಗುಕಟ್ಟೆಯ ಕಾರ್ಮಿಕರೂ ಇದ್ದರು. ಬದುಕಿ ಬಂದವರು ನಾಲ್ವರು ಮಾತ್ರ. ಕಾರ್ಮಿಕ ಸಂಘಗಳ ಕೋರಿಕೆಯ ಮೇರೆಗೆ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್, ಸ್ಪೇನಿನ ಅಂತರ್ಯುದ್ಧದಲ್ಲಿ ಹೋರಾಡಿದ್ದ ನಾಲ್ವರೊಂದಿಗೆ ಉಕ್ಕಿನ ಕೋಣೆಯೊಂದರಲ್ಲಿ ಸುಮಾರು ಹದಿನಾಲ್ಕು ಗಂಟೆ ಕುಳಿತು, ಕೆಟ್ಟ ಗಾಳಿ ಮನುಷ್ಯನನ್ನು ಏನು ಮಾಡುತ್ತದೆಂದು ತನ್ನ ದೇಹದ ಮೇಲೆಯೇ ಪರೀಕ್ಷಿಸಿದರು. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಇದೇ ಹಾಲ್ಡೇನ್, ಭಾರತೀಯ ಪೌರರಾಗಿಯೇ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ಇಂದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮೂವರನ್ನು 6000 ಮೀಟರ್ ಆಳಕ್ಕೆ ಒಯ್ಯಲೆಂದು 'ಮತ್ಸ್ಯ 6000' ರೂಪಿಸುತ್ತಿದೆ. ಅದರ ಗೋಳದ ವ್ಯಾಸ 2.1 ಮೀಟರ್. ರಾಜಾಜಿನಗರದ ಹಳೆಯ ವಠಾರದ ಬಚ್ಚಲುಮನೆಯಷ್ಟು ಜಾಗ! ಒಬ್ಬ ಮನುಷ್ಯ ಗಂಟೆಗೆ ಸುಮಾರು 20 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಮೂವರು ಸೇರಿದರೆ ಒಂದೇ ಗಂಟೆಯಲ್ಲಿ ಅದು ಶೇಕಡಾ 1ನ್ನು ದಾಟುತ್ತದೆ. ಶೇಕಡಾ 3ಕ್ಕೆ ಏದುಸಿರು, ತಲೆನೋವು. ಇನ್ನೂ ಏರಿದರೆ ಬುದ್ಧಿ ಮಂಕಾಗಿ ಪ್ರಜ್ಞೆ ತಪ್ಪುತ್ತದೆ. ಆದ್ದರಿಂದ ಸೋಡಾ ಸುಣ್ಣದಂತಹ ರಾಸಾಯನಿಕದ ಮೂಲಕ ಗಾಳಿಯನ್ನು ಹಾಯಿಸಿ ಅದನ್ನು ಹೀರಿಸಬೇಕು. ಹಾಗೆ ಹೀರಿದಾಗ ಒಳಗಿನ ಒತ್ತಡ ಇಳಿಯುತ್ತದೆ. ಅಷ್ಟೇ ಪ್ರಮಾಣದ ಆಮ್ಲಜನಕವನ್ನು ಸಿಲಿಂಡರಿನಿಂದ ಬಿಟ್ಟು ಸರಿದೂಗಿಸಬೇಕು. ಹೆಚ್ಚಾದರೆ ಬೆಂಕಿಯ ಭಯ, ಕಡಿಮೆಯಾದರೆ ಪ್ರಾಣಭಯ. ಹೊರಗೆ ಆರುನೂರು ಪಟ್ಟು ಒತ್ತಡವಿದ್ದರೂ ಒಳಗೆ ನೆಲದ ಮೇಲಿನ ಒತ್ತಡವೇ ಇರಬೇಕು. ಹನ್ನೆರಡು ಗಂಟೆಯ ಪಯಣಕ್ಕೆ, ತುರ್ತಿನಲ್ಲಿ 96 ಗಂಟೆಗೆ ಸಾಲುವ ಏರ್ಪಾಡು ಅದರಲ್ಲಿದೆ.

ಈ ವಿದ್ಯೆ ನಮ್ಮ ಬೆಂಗಳೂರಿಗೂ ಹೊಸದಲ್ಲ. ಸಿ.ವಿ. ರಾಮನ್ ನಗರದಲ್ಲಿರುವ ರಕ್ಷಣಾ ಇಲಾಖೆಯ ಡೆಬೆಲ್ ಪ್ರಯೋಗಾಲಯ, ಮುಳುಗಿದ ಜಲಾಂತರ್ಗಾಮಿಯಿಂದ ಪಾರಾಗಲು ಬೇಕಾದ ಉಸಿರಾಟದ ಉಡುಪನ್ನು ತಯಾರಿಸಿದೆ. ಅದೇ ಸಿ.ವಿ. ರಾಮನ್ ನಗರದ ಕಗ್ಗದಾಸಪುರದಲ್ಲಿ 2017ರ ಮಾರ್ಚ್‌ನಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಮೂವರು ಉಸಿರುಗಟ್ಟಿ ಸತ್ತರು. 2013ರ ಕಾನೂನು ಇದನ್ನು ನಿಷೇಧಿಸಿತ್ತು. ಇಂತಹ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಾಗರದಾಳಕ್ಕೆ ಇಳಿಯುವವನ ಒಂದೊಂದು ಉಸಿರನ್ನೂ ಲೆಕ್ಕ ಹಾಕಬಲ್ಲ ನಾಡು ನಮ್ಮದು. ಹತ್ತಡಿ ಗುಂಡಿಗೆ ಇಳಿಯುವವನ ಉಸಿರು ಮಾತ್ರ ನಮ್ಮ ಲೆಕ್ಕಕ್ಕೆ ಬರುವುದು ಅದು ನಿಂತ ಮೇಲೆ. ಇಲ್ಲಿ ಕೊರತೆಯಿರುವುದು ವಿಜ್ಞಾನದ್ದಲ್ಲ. ಥೀಟಿಸ್‌ನಲ್ಲಿ ಸತ್ತವರಿಗಾಗಿ ಅಂದು ಕಾರ್ಮಿಕ ಸಂಘಗಳು ಕೇಳಿದ ಪ್ರಶ್ನೆಯನ್ನು ನಾವಿನ್ನೂ ಗಟ್ಟಿಯಾಗಿ ಕೇಳಿಲ್ಲ.